ಬೈಕಿನಲ್ಲಿ ಇಬ್ಬರು: ನೀರು ಯಾರ ಕೈಗೆ ಸಿಗಬೇಕು?

ಇಬ್ಬರು ಹೋಗುವ ಬೈಕಿನಲ್ಲಿ ನೀರು ಎಲ್ಲಿರಬೇಕು? ಓಡಿಸುವವರನ್ನು ಕೇಳಿದರೆ ಒಂದು ಉತ್ತರ ಬರುತ್ತದೆ, ಹಿಂದೆ ಕೂತವರನ್ನು ಕೇಳಿದರೆ ಇನ್ನೊಂದು. ನಾನು ಒಂಬತ್ತು ವರ್ಷದಿಂದ ಹಿಂದೆ ಕೂರುವವಳು. ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮನೆ, ಧಾರವಾಡದಲ್ಲಿ ತವರು. ನಡುವೆ ಸುಮಾರು 420 ಕಿಲೋಮೀಟರ್. ವರ್ಷಕ್ಕೆ ಎರಡು ಸಲವಾದರೂ ಬೈಕಿನಲ್ಲೇ ಹೋಗಿಬರುತ್ತೇವೆ. ಅದರಲ್ಲಿ ಒಂದು ಸಲ ಯುಗಾದಿಯ ಆಸುಪಾಸು, ಬಿಸಿಲು ಏರುವ ಹೊತ್ತಿನಲ್ಲಿ.

ಮೂರು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಕರಾಡ್ ದಾಟಿದ ಮೇಲೆ ನನಗೆ ತಲೆ ಸಿಡಿಯಲು ಶುರುವಾಯಿತು. ಪೇಠ್ ನಾಕಾ ಹತ್ತಿರ ಇಳಿದಾಗ ಕಾಲು ನಡುಗುತ್ತಿತ್ತು. ಹೆಲ್ಮೆಟ್ಟಿನ ಕೊಂಡಿ ಬಿಚ್ಚಲು ಬೆರಳು ಓಡುತ್ತಿರಲಿಲ್ಲ. ನಮ್ಮ ಮನೆಯವರು ಚೆನ್ನಾಗೇ ಇದ್ದರು. ಅವರ ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಟ್ಯಾಂಕ್ ಬ್ಯಾಗಿನಲ್ಲಿ ಎರಡು ಲೀಟರ್ ನೀರು, ಬಾಯಿಯ ಹತ್ತಿರಕ್ಕೇ ಬರುವ ಪೈಪು. ನನ್ನ ನೀರು ಗಾಡಿಯ ಪಕ್ಕಕ್ಕೆ ನೇತುಹಾಕಿದ ಸ್ಯಾಡಲ್ ಬ್ಯಾಗಿನೊಳಗಿನ ಬಾಟಲಿಯಲ್ಲಿ. ಸತಾರಾದಲ್ಲಿ ಅರ್ಧ ಕಪ್ ಚಹಾ ಕುಡಿದದ್ದೇ ಕೊನೆ, ಆಮೇಲೆ ಒಂದು ಗುಟುಕು ನೀರೂ ಇಳಿದಿರಲಿಲ್ಲ.

‘ಯಾಕ ಮೊದಲ ಹೇಳಲಿಲ್ಲ?’ ಅಂತ ಕೇಳಿದರು. ಹೇಳಬಹುದಿತ್ತು. ಆದರೆ ಗಾಡಿ ಒಳ್ಳೆ ಓಟದಲ್ಲಿರುವಾಗ ‘ಏನ್ರೀ, ನೀರು ಕುಡೀಬೇಕು, ನಿಲ್ಲಸ್ರಿ’ ಅನ್ನಲು ಬಾಯಿ ಬರುವುದಿಲ್ಲ. ಇನ್ನು ಹತ್ತು ಕಿಲೋಮೀಟರ್ ಆಗಲಿ, ಮುಂದಿನ ಪೆಟ್ರೋಲ್ ಪಂಪ್ ಬರಲಿ ಅಂತ ತಡೆದುಕೊಳ್ಳುತ್ತೇವೆ. ಹಿಂದೆ ಕೂತು ದೂರ ಹೋದವರಿಗೆಲ್ಲ ಇದು ಗೊತ್ತು.

ಆ ದಿನದ ನಂತರ ನಾವು ಒಂದೊಂದೇ ವ್ಯವಸ್ಥೆ ಬಳಸಿ ನೋಡಿದ್ದೇವೆ. ಅಂಗಡಿಯಲ್ಲಿ ಎಲ್ಲರೂ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಕೇಳುತ್ತಾರೆ. ನಾನು ಕೇಳುವುದು ಬೇರೆ. ಹಿಂದೆ ಕೂತವರು ಯಾರನ್ನೂ ಕೇಳದೆ, ಗಾಡಿ ನಿಲ್ಲಿಸದೆ, ತಮ್ಮ ಪಾಡಿಗೆ ತಾವು ಕುಡಿಯಬಹುದಾ? ಕೆಳಗಿನ ಹೋಲಿಕೆಯೆಲ್ಲ ಈ ಅಳತೆಗೋಲಿನದು.

ಒಂದೇ ಗಾಡಿ, ಎರಡು ಥರದ ಬಿಸಿಲು

ಮುಂದೆ ಕೂತವರ ಮೈಗೆ ಗಾಳಿ ನೇರ ಬಡಿಯುತ್ತದೆ. ಬೆವರು ಬಂದಷ್ಟೂ ಒಣಗಿ ಹೋಗುತ್ತದೆ. ಅಂಗಿ ಒದ್ದೆಯಾಗುವುದೇ ಇಲ್ಲ. ಅದಕ್ಕೇ ‘ನನಗೇನೂ ಬೆವರಿಲ್ಲ’ ಅನ್ನಿಸುತ್ತದೆ. ನಿಜವಾಗಿ ಮೈಯಿಂದ ನೀರು ಹೋಗುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಹಿಂದೆ ಕೂತವರ ಮುಂದೆ ಒಬ್ಬರ ಬೆನ್ನೇ ಗೋಡೆಯಂತೆ ಇರುತ್ತದೆ. ಜಾಕೆಟ್ಟಿನ ಗಾಳಿಕಂಡಿ ತೆರೆದಿಟ್ಟರೂ ಒಳಗೆ ಗಾಳಿ ನುಗ್ಗುವುದು ಕಡಿಮೆ. ಕೆಳಗಿಂದ ಸೈಲೆನ್ಸರ್ ಬಿಸಿ. ಹೀಗಾಗಿ ಸೆಕೆ ನಮಗೇ ಜಾಸ್ತಿ, ಕುಡಿಯಲು ಅವಕಾಶ ನಮಗೇ ಕಡಿಮೆ.

ಚರ್ಮದ ಬಿಸಿ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಅದು ಮೈಯನ್ನು ತಂಪು ಮಾಡುವ ಬದಲು ಕಾಯಿಸುತ್ತದೆ. ಆಗ ಬೆವರು ಆರುವುದೊಂದೇ ತಂಪಿನ ದಾರಿ. ಏಪ್ರಿಲ್ ಮಧ್ಯಾಹ್ನ ಸತಾರಾ, ಕರಾಡ್ ಕಡೆ ಇದೇ ಪರಿಸ್ಥಿತಿ. ಅಂಥ ಹೊತ್ತಿನಲ್ಲಿ ಜಾಕೆಟ್ ಬಿಚ್ಚಿ ಬರೀ ಟೀ ಶರ್ಟಿನಲ್ಲಿ ಹೋಗುವುದು ತಪ್ಪು. ಬಿದ್ದರೆ ಚರ್ಮ ಹೋಗುತ್ತದೆ ಅನ್ನುವುದು ಒಂದು. ಬಿಸಿಗಾಳಿ ಮೈಯ ನೀರನ್ನು ಇನ್ನೂ ಬೇಗ ಹೀರುತ್ತದೆ ಅನ್ನುವುದು ಇನ್ನೊಂದು.

ಎಷ್ಟು ಕುಡಿಯಬೇಕು? ಬಿಸಿಲಿನಲ್ಲಿ ದುಡಿಯುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುವುದು, ಪ್ರತಿ 15ರಿಂದ 20 ನಿಮಿಷಕ್ಕೆ ಒಂದು ಕಪ್, ಅಂದರೆ ಸುಮಾರು 240 ಮಿಲಿ. ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು ಅಂತಲೂ ಅದು ಹೇಳುತ್ತದೆ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೇ ಬೇರೆ ಅಪಾಯ. ಬೈಕಿನಲ್ಲಿ ಕೂತವರು ಗುದ್ದಲಿ ಹಿಡಿದವರಷ್ಟು ಬೆವರುವುದಿಲ್ಲ. ನಮ್ಮಿಬ್ಬರಿಗೆ ಬಿಸಿಲಲ್ಲಿ ಗಂಟೆಗೆ ತಲಾ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಸಾಕಾಗುತ್ತದೆ. ಅದೂ ಒಟ್ಟಿಗೆ ಗಟಗಟ ಅಲ್ಲ, ಗುಟುಕು ಗುಟುಕಾಗಿ. ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಮೂತ್ರದ ಬಣ್ಣ ಸಾಕು. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ನೀರು ಕಡಿಮೆ ಬಿದ್ದಿದೆ.

ಓಡಿಸುವವರಿಗೆ ಒಂದು ಮಾತು. 2015ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು ಕಾರು ಓಡಿಸಿದಂತೆಯೇ ಅನ್ನಿಸುವ ಸಿಮ್ಯುಲೇಟರ್ ಯಂತ್ರದ ಮುಂದೆ ಕೆಲವರನ್ನು ಎರಡು ಗಂಟೆ ಕೂರಿಸಿ ನೋಡಿದರು. ನೀರು ಕಡಿಮೆ ಕುಡಿದ ದಿನ ಅವರ ತಪ್ಪುಗಳು ಎರಡು ಪಟ್ಟಿಗೂ ಹೆಚ್ಚಾದವು. ಲೇನ್ ಬಿಟ್ಟು ಹೋಗುವುದು, ಬ್ರೇಕ್ ತಡವಾಗಿ ಹಾಕುವುದು, ಇಂಥವು. ಬೆರಳೆಣಿಕೆಯ ಗಂಡಸರ ಮೇಲೆ ನಡೆದ ಚಿಕ್ಕ ಅಧ್ಯಯನ ಅದು, ನಿಜ. ಆದರೆ ಕಾರಿನಲ್ಲೇ ಹಾಗಾದರೆ ಎರಡು ಗಾಲಿಯ ಮೇಲೆ, ಹಿಂದೆ ಇನ್ನೊಂದು ಜೀವ ಕೂರಿಸಿಕೊಂಡಾಗ ಏನಾಗಬಹುದು ಅಂತ ಯೋಚಿಸಿ.

ಬಾಟಲಿ ಇಟ್ಟುಕೊಂಡು ನಿಂತು ಕುಡಿಯುವುದು

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಖರ್ಚಿಲ್ಲ, ತೊಳೆಯುವುದು ಸುಲಭ. ಸ್ಟೀಲಿನ ಎರಡು ಪದರದ ಬಾಟಲಿಯಾದರೆ ನೀರು ಮಧ್ಯಾಹ್ನದವರೆಗೂ ತಣ್ಣಗಿರುತ್ತದೆ. ಪೈಪಿನ ಯಾವ ವ್ಯವಸ್ಥೆಯೂ ಈ ವಿಷಯದಲ್ಲಿ ಅದರ ಹತ್ತಿರ ಬರುವುದಿಲ್ಲ. ಒಂದು ಎಚ್ಚರಿಕೆ: ನಮ್ಮಲ್ಲಿ ಹೆಚ್ಚಿನ ಬೈಕುಗಳಿಗೆ ಸೈಲೆನ್ಸರ್ ಬಲಗಡೆ. ಬಾಟಲಿಯನ್ನು ಎಡಗಡೆ ಚೀಲದ ಹೊರ ಜೇಬಿನಲ್ಲೇ ಇಡಿ.

ಕೊರತೆ ಒಂದೇ, ಅದು ದೊಡ್ಡದು. ನಿಲ್ಲಿಸಿದರೆ ಮಾತ್ರ ನೀರು. ಓಡಿಸುವವರು ಹಠ ಹಿಡಿದು 45 ನಿಮಿಷಕ್ಕೊಮ್ಮೆ ನಿಲ್ಲಿಸುವವರಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಕಾಲು ಚಾಚಿದಂತೆಯೂ ಆಯಿತು. ಆದರೆ ಅಂಥವರು ಎಷ್ಟು ಜನ? ‘ಕೊಲ್ಹಾಪುರಕ್ಕೆ ಹೋಗಿಬಿಡೋಣ’ ಅನ್ನುವವರೇ ಜಾಸ್ತಿ. ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿಲೋಮೀಟರ್!

ದಾರಿಯೇ ಪದೇಪದೇ ನಿಲ್ಲಿಸುವಂತಿದ್ದರೆ ಮಾತ್ರ ಬಾಟಲಿ ಸಾಕು. ಮುಂಬಯಿ–ಪುಣೆ ದಾರಿ ಹಾಗಿದೆ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶವಿಲ್ಲ. ಪನ್ವೇಲ್, ಖೋಪೋಲಿ, ಲೋಣಾವಳ ಅಂತ ಹಳೆ ಹೆದ್ದಾರಿಯಲ್ಲೇ ಬರಬೇಕು. ಊರಿನ ಮೇಲೆ ಊರು, ಹೋಟೆಲಿನ ಮೇಲೆ ಹೋಟೆಲು. ಮುಂಬಯಿಯಿಂದ ನಮ್ಮ ಮನೆಗೆ ಬರುವ ನೆಂಟರಿಗೆ ನಾನು ಪೈಪು, ಚೀಲ ಏನೂ ಹೇಳುವುದಿಲ್ಲ. ತಲಾ ಒಂದು ಲೀಟರಿನ ಸ್ಟೀಲ್ ಬಾಟಲಿ ತನ್ನಿ ಅನ್ನುತ್ತೇನೆ, ಅಷ್ಟೇ.

ಹ್ಯಾಂಡಲ್‌ಗೆ ಬಾಟಲಿ ಹೋಲ್ಡರ್

ಸೈಕಲ್ಲಿನಲ್ಲಿ ಇರುತ್ತದಲ್ಲ, ಅದೇ ಥರದ್ದು. ಕಣ್ಣೆದುರೇ ಇರುವುದರಿಂದ ಕುಡಿಯಲು ನೆನಪಾಗುತ್ತದೆ ಅನ್ನುವುದೊಂದು ಗುಣ. ಇಬ್ಬರಿದ್ದಾಗ ನಾನು ಇದನ್ನು ಬೇಡ ಅನ್ನುತ್ತೇನೆ. ಹಿಂದಿನವರ ಕೈಗೆ ಸಿಗುವುದಿಲ್ಲ. ಮುಂದಿನವರು ಓಡುವ ಗಾಡಿಯಲ್ಲಿ ಬಾಟಲಿ ತೆಗೆಯಲು ಹೋದರೆ ಒಂದು ಕೈ ಹ್ಯಾಂಡಲ್ ಬಿಡಬೇಕು, ಕಣ್ಣು ರಸ್ತೆ ಬಿಡಬೇಕು. ಸಿಂಗಲ್ ಸಿಲಿಂಡರ್ ಗಾಡಿಯ ನಡುಕಕ್ಕೆ ಸ್ಕ್ರೂ ಸಡಿಲವಾಗುತ್ತದೆ. ನಮ್ಮದು ಖಂಬಾಟ್ಕಿ ಘಾಟಿನಲ್ಲಿ ಕಳಚಿ ಬಿತ್ತು. ಹಿಂದೆ ಬರುತ್ತಿದ್ದ ಸ್ಕೂಟರಿನವರು ಹೇಗೋ ತಪ್ಪಿಸಿಕೊಂಡರು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅವತ್ತೇ ಬಿಚ್ಚಿಟ್ಟೆವು.

ಓಡಿಸುವವರ ಬೆನ್ನಿಗೆ ನೀರಿನ ಚೀಲ

ಬೆನ್ನಿಗೆ ಹಾಕಿಕೊಳ್ಳುವ ಚೀಲ, ಅದರೊಳಗೆ ಒಂದೂವರೆಯಿಂದ ಮೂರು ಲೀಟರಿನ ಮೆತ್ತನೆ ಪ್ಲಾಸ್ಟಿಕ್ ಬ್ಲಾಡರ್, ಭುಜದ ಮೇಲಿಂದ ಬರುವ ಪೈಪು, ತುದಿಯಲ್ಲಿ ಕಚ್ಚಿ ಹೀರುವ ಮೂತಿ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಒಬ್ಬ ಸೈಕಲ್ ಸವಾರ ಸಲೈನ್ ಚೀಲದಲ್ಲಿ ನೀರು ತುಂಬಿ, ಕಾಲುಚೀಲದೊಳಗೆ ಇಳಿಸಿ ಬೆನ್ನಿಗೆ ಕಟ್ಟಿಕೊಂಡು ಬಿಸಿಲಿನ ರೇಸಿಗೆ ಹೋದನಂತೆ. ಅಲ್ಲಿಂದ ಬೆಳೆದ ವಸ್ತು ಇದು. ಒಬ್ಬರೇ ಹೋಗುವವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಹಿಂದೆ ಇನ್ನೊಬ್ಬರು ಕೂತರೆ ಲೆಕ್ಕ ತಿರುಗುತ್ತದೆ. ಆ ಚೀಲ ನನ್ನ ಎದೆಗೇ ಬಂದು ಕೂರುತ್ತದೆ. ಬ್ರೇಕ್ ಹಾಕಿದಾಗಲೆಲ್ಲ ನಾನು ಮುಂದೆ ಜಾರಿ ಅದನ್ನು ಒತ್ತುತ್ತೇನೆ. ಒತ್ತಿದರೆ ಮೂತಿಯಿಂದ ನೀರು ಚಿಮ್ಮುತ್ತದೆ, ಅವರ ತೊಡೆ ಒದ್ದೆ. ಸೊಂಟ ಹಿಡಿದುಕೊಳ್ಳಲು ಕೈ ಪೂರ್ತಿ ಸುತ್ತಿ ಬರುವುದಿಲ್ಲ. ನಾನು ಸೀಟಿನ ತುದಿಗೆ ಸರಿದು ಕೂರಬೇಕಾಗುತ್ತದೆ, ಗಾಡಿಯ ತೂಕ ಹಿಂದಕ್ಕೆ ವಾಲುತ್ತದೆ. ಇಷ್ಟೆಲ್ಲ ಸಹಿಸಿದರೂ ಆ ಚೀಲದಿಂದ ನನಗೆ ಒಂದು ಹನಿ ಸಿಗುವುದಿಲ್ಲ. ತೆಳ್ಳಗಿನ ಒಂದೂವರೆ ಲೀಟರ್ ಚೀಲವಾದರೆ ಅರ್ಧ ದಿನದ ಸವಾರಿಗೆ ಹೇಗೋ ನಡೆಯುತ್ತದೆ. ಧಾರವಾಡದವರೆಗೆ ಖಂಡಿತ ಬೇಡ.

ಟ್ಯಾಂಕ್ ಬ್ಯಾಗಿನಲ್ಲಿ ಬ್ಲಾಡರ್

ಓಡಿಸುವವರ ಪಾಲಿಗೆ ಇದೇ ಸರಿಯಾದ ಜಾಗ. ಬೆನ್ನು ಖಾಲಿ, ಭಾರ ಭುಜದ ಮೇಲಿಲ್ಲ. ಜಾಕೆಟ್ಟಿಗೆ ಒಂದು ಕ್ಲಿಪ್ ಹಾಕಿ ಪೈಪನ್ನು ಗದ್ದದ ಹತ್ತಿರ ನಿಲ್ಲಿಸಿದರೆ ನೇರ ರಸ್ತೆಯಲ್ಲಿ ಒಂದು ಕ್ಷಣದಲ್ಲಿ ಹೀರಬಹುದು. ಘಾಟಿಯಲ್ಲಿ, ಟ್ರಾಫಿಕ್ಕಿನಲ್ಲಿ ಬೇಡ.

ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಬ್ಯಾಗ್ ಇಟ್ಟು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗಬಾರದು. ಆಮೇಲೆ ಹಿಂದೆ ಕೂರುವವರನ್ನು ಕೂರಿಸಿ ನೋಡಿ. ಹಿಂದಿನ ಸೀಟು ಎತ್ತರವಿರುವ ಗಾಡಿಗಳಲ್ಲಿ ಬ್ರೇಕ್ ಹಾಕಿದಾಗ ಹಿಂದಿನವರು ಟ್ಯಾಂಕಿನ ಮೇಲೆ ಅಂಗೈ ಊರಿ ತಡೆದುಕೊಳ್ಳುತ್ತಾರೆ. ಅಲ್ಲಿ ಬ್ಯಾಗ್ ಕೂತರೆ ಆ ಆಸರೆ ಹೋಯಿತು. ಇನ್ನೊಂದು ಕಿರಿಕಿರಿ ಬಿಸಿಯದು. ಮೇಲಿಂದ ಬಿಸಿಲು, ಕೆಳಗಿಂದ ಎಂಜಿನ್, ಹನ್ನೊಂದು ಗಂಟೆಗೆ ನೀರು ಬೆಚ್ಚಗಾಗಿರುತ್ತದೆ. ಬ್ಲಾಡರ್ ಅರ್ಧ ತುಂಬಿಸಿ, ಮಲಗಿಸಿ, ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಮೇಲೆ ನೀರು ತುಂಬಿಸಿದರೆ ಸತಾರಾ ದಾಟುವವರೆಗೆ ತಂಪು ಉಳಿಯುತ್ತದೆ. ಪ್ರತಿ ಸಲ ಕುಡಿದ ಮೇಲೆ ಪೈಪಿನೊಳಕ್ಕೆ ಒಮ್ಮೆ ಊದಿ. ಪೈಪಿನಲ್ಲಿ ನಿಂತ ನೀರು ಚೀಲಕ್ಕೆ ವಾಪಸ್ ಹೋಗುತ್ತದೆ. ಮುಂದಿನ ಗುಟುಕು ಸುಡುವುದಿಲ್ಲ.

ಆದರೆ ನನ್ನ ಅಳತೆಗೋಲಿನಲ್ಲಿ ಇದು ಅರ್ಧ ಅಂಕ. ಪೇಠ್ ನಾಕಾದಲ್ಲಿ ನನಗಾದದ್ದು ಈ ವ್ಯವಸ್ಥೆ ಇದ್ದ ಗಾಡಿಯಲ್ಲೇ.

ಹಿಂದೆ ಕೂತವರ ಬೆನ್ನಿಗೆ ನೀರಿನ ಚೀಲ

ಅಂತೂ ನಾವು ಬಂದು ನಿಂತದ್ದು ಇಲ್ಲಿ. ಹಿಂದಿನವರ ಬೆನ್ನ ಹಿಂದೆ ಯಾರೂ ಇಲ್ಲ. ಚೀಲ ಯಾರಿಗೂ ಒತ್ತುವುದಿಲ್ಲ. ಒಂದು ಕೈ ಗ್ರ್ಯಾಬ್ ರೈಲ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಪೈಪು ಹಿಡಿದು ನನಗೆ ಬೇಕಾದಾಗ ಕುಡಿಯುತ್ತೇನೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಆದರೂ ಪೈಪು ಗದ್ದದ ಕೆಳಗಿಂದ ಒಳಗೆ ಬರುತ್ತದೆ. ಗದ್ದದ ಭಾಗ ಮೇಲಕ್ಕೆ ಏಳುವ ಹೆಲ್ಮೆಟ್ ಇದ್ದರೆ ನಿಂತಾಗ ಬಾಟಲಿಯಿಂದಲೂ ಕುಡಿಯಬಹುದು. ಆದರೆ ಅದನ್ನು ಎತ್ತಿಟ್ಟುಕೊಂಡು ಓಡುವುದು ಬೇಡ.

ಎರಡು ಲೀಟರ್ ಅಂದರೆ ಎರಡು ಕಿಲೋ. ಮೊದಲ ಗಂಟೆಯಲ್ಲಿ ಏನೂ ಅನ್ನಿಸುವುದಿಲ್ಲ, ನಾಲ್ಕನೆಯ ಗಂಟೆಗೆ ಭುಜ ಸೇದುತ್ತದೆ. ಅದಕ್ಕೊಂದು ಉಪಾಯ ಇದೆ. ಪಟ್ಟಿ ಸಡಿಲ ಮಾಡಿ, ಚೀಲದ ತಳ ಸೀಟಿನ ಮೇಲೋ ಹಿಂದಿನ ಕ್ಯಾರಿಯರ್ ಮೇಲೋ ಕೂರುವಂತೆ ಬಿಡಿ. ಭಾರ ಗಾಡಿಗೆ ಹೋಗುತ್ತದೆ, ಪಟ್ಟಿ ಸುಮ್ಮನೆ ಹಿಡಿದುಕೊಂಡಿರುತ್ತದೆ. ಹಿಂದೆ ಟಾಪ್ ಬಾಕ್ಸ್ ಇದ್ದರೆ ಮಾತ್ರ ಚೀಲಕ್ಕೆ ಜಾಗ ಸಾಲುವುದಿಲ್ಲ. ಆಗ ತೆಳ್ಳಗಿನ ಚೀಲವೇ ಬೇಕು. ಮೂರು ಲೀಟರ್ ಕೊಳ್ಳಬೇಡಿ. ಹೇಗಿದ್ದರೂ ಎರಡು ಗಂಟೆಗೊಮ್ಮೆ ನಿಲ್ಲಲೇಬೇಕು, ಅಲ್ಲಿ ತುಂಬಿಸಿಕೊಳ್ಳಬಹುದು.

ಒಂದೇ ಚೀಲದಿಂದ ಇಬ್ಬರಿಗೂ ಎರಡು ಪೈಪು ತೆಗೆದರೆ? ನಾವು ಮಾಡಿ ನೋಡಿದೆವು. ಉದ್ದ ಪೈಪೊಂದನ್ನು ಅವರ ಭುಜದ ಮೇಲೆ ಕ್ಲಿಪ್ ಹಾಕಿದ್ದೆವು. ಶಿರವಳದಲ್ಲಿ ನಾನು ಮರೆತು ಇಳಿದೆ. ಪೈಪು ಎಳೆದುಕೊಂಡಿತು, ನಾನು ಮುಗ್ಗರಿಸಿದೆ, ಸೈಡ್ ಸ್ಟ್ಯಾಂಡ್ ಇನ್ನೂ ಹಾಕಿರದ ಗಾಡಿ ವಾಲಿತು. ಇಬ್ಬರನ್ನು ಒಂದೇ ಹಗ್ಗಕ್ಕೆ ಕಟ್ಟುವ ಯಾವ ವ್ಯವಸ್ಥೆಯೂ ಬೈಕಿನ ಮೇಲೆ ಬೇಡ.

ಈಗ ನಮ್ಮದು ಹೀಗಿದೆ. ಅವರಿಗೆ ಟ್ಯಾಂಕ್ ಬ್ಯಾಗಿನಲ್ಲಿ ಒಂದೂವರೆ ಲೀಟರ್, ನನ್ನ ಬೆನ್ನಿಗೆ ಎರಡು ಲೀಟರ್, ಎಡ ಚೀಲದಲ್ಲಿ ಒಂದು ಸ್ಟೀಲ್ ಬಾಟಲಿ ಉಪ್ಪು-ಸಕ್ಕರೆ ನೀರಿಗೆ. ಒಂದೇ ಚೀಲ ಕೊಳ್ಳುವಷ್ಟು ದುಡ್ಡಿದ್ದರೆ ಹಿಂದೆ ಕೂತವರಿಗೇ ಕೊಳ್ಳಿ. ಮುಂದಿನವರು ಬಾಯಾರಿದರೆ ತಾವೇ ಗಾಡಿ ನಿಲ್ಲಿಸಬಲ್ಲರು. ಬ್ರೇಕ್ ಅವರ ಕಾಲ ಕೆಳಗಿದೆ.

ಮಾತಾಡುವ ಇಂಟರ್‌ಕಾಮ್ ಹೆಲ್ಮೆಟ್ಟಿನಲ್ಲಿ ಇಲ್ಲದಿದ್ದರೆ ಕೈಸನ್ನೆ ಗೊತ್ತುಮಾಡಿಕೊಳ್ಳಿ. ನಾನು ಬಲ ಭುಜ ಒಂದು ಸಲ ತಟ್ಟಿದರೆ ‘ನೀವು ಕುಡೀರಿ’ ಅಂತ. ಎರಡು ಸಲ ತಟ್ಟಿದರೆ ‘ಜಾಗ ನೋಡಿ ನಿಲ್ಲಸ್ರಿ’ ಅಂತ. ನೆನಪಿಸುವ ಕೆಲಸ ಹಿಂದಿನವರದ್ದೇ ಆದರೆ ಒಳ್ಳೆಯದು. ಗಡಿಯಾರ ನೋಡಲು ನಮಗೆ ಪುರುಸೊತ್ತು ಇರುತ್ತದೆ.

ಟಾಯ್ಲೆಟ್ ಭಯದಿಂದ ಕುಡಿಯದಿರುವುದು

ಎಂಥ ಚೀಲ ಕೊಟ್ಟರೂ ಕೆಲವರು ಕುಡಿಯುವುದಿಲ್ಲ. ನಾನೂ ಹಾಗೇ ಇದ್ದೆ. ಕಾರಣ ಎಲ್ಲ ಹೆಂಗಸರಿಗೂ ಗೊತ್ತು. ಕುಡಿದರೆ ಹೋಗಬೇಕು, ಹೋಗಲು ಜಾಗವೆಲ್ಲಿ? ಗಂಡಸರು ರಸ್ತೆ ಬದಿ ನಿಂತುಬಿಡುತ್ತಾರೆ. ನಾವು ಬೆಳಿಗ್ಗೆ ಐದಕ್ಕೆ ಕಾತ್ರಜ್ ದಾಟುವಾಗಲೇ ಬಾಯಿ ಬಿಗಿದುಕೊಂಡು ಕೂತಿರುತ್ತೇವೆ.

ಇದರ ಬೆಲೆ ಬರೀ ತಲೆನೋವಲ್ಲ. ಪದೇಪದೇ ಮೂತ್ರದ ಸೋಂಕು ಆಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದ ಒಂದು ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರಿಗಿಂತ ಹತ್ತಿರ ಹತ್ತಿರ ಅರ್ಧ. ಇದನ್ನು ಓದಿದ ಮೇಲೆ ನಾನು ಬಾಯಿ ಬಿಗಿಯುವುದನ್ನು ಬಿಟ್ಟೆ.

ಹಾಗಾಗಿ ನಮ್ಮ ಮನೆಯಲ್ಲಿ ದಾರಿ ಗೊತ್ತುಮಾಡುವುದು ಪೆಟ್ರೋಲ್ ಲೆಕ್ಕದಲ್ಲಿ ಅಲ್ಲ, ಟಾಯ್ಲೆಟ್ ಲೆಕ್ಕದಲ್ಲಿ. ಪೆಟ್ರೋಲ್ ಪಂಪ್‌ನವರು ಟಾಯ್ಲೆಟ್, ಕುಡಿಯುವ ನೀರು, ಟೈರಿಗೆ ಗಾಳಿ ಪುಕ್ಕಟೆ ಕೊಡಬೇಕು ಅನ್ನುವ ನಿಯಮ ಇದೆ. ಪೆಟ್ರೋಲ್ ಹಾಕಿಸದಿದ್ದರೂ ಕೇಳಲು ಸಂಕೋಚ ಬೇಡ. ಬೀಗ ಹಾಕಿದ್ದರೆ ‘ಚಾವಿ ದ್ಯಾ’ ಅನ್ನಿ, ಕೊಡುತ್ತಾರೆ. ಅದಕ್ಕಿಂತ ನನಗೆ ಧೈರ್ಯ ಬರುವುದು ಉಡುಪಿ ಹೋಟೆಲ್ ಬೋರ್ಡ್ ಕಂಡಾಗ. ಗಲ್ಲೆಯಲ್ಲಿ ಕೂತವರ ಜೊತೆ ಕನ್ನಡದಲ್ಲಿ ಎರಡು ಮಾತಾಡಿದರೆ ಸಾಕು, ಟಾಯ್ಲೆಟ್ ಎಲ್ಲಿದೆ ಅಂತ ತೋರಿಸಿ, ಚೀಲಕ್ಕೆ ಫಿಲ್ಟರ್ ನೀರು ತುಂಬಿಸಿಕೊಡುತ್ತಾರೆ. ಮುಂಬಯಿ, ಪುಣೆಯಲ್ಲಿ ಇರುವ ನಮ್ಮವರಿಗೆ ಇದು ದೊಡ್ಡ ಆಸರೆ.

ಹೊರಡುವ ಗಡಿಬಿಡಿಯಲ್ಲಿ ಒಂದೇ ಸಲ ಲೀಟರ್ ನೀರು ಕುಡಿಯುವುದು ಕೆಲಸಕ್ಕೆ ಬರುವುದಿಲ್ಲ. ಅದು ಶಿರವಳ ಬರುವಷ್ಟರಲ್ಲಿ ಹೊರಗೆ ಬರಲು ನೋಡುತ್ತದೆ. ಹಿಂದಿನ ಸಂಜೆಯಿಂದಲೇ ಚೆನ್ನಾಗಿ ಕುಡಿಯುತ್ತಾ ಬನ್ನಿ. ಬೆಳಿಗ್ಗೆ ಒಂದು ಲೋಟ ಸಾಕು. ಆಮೇಲೆ ಗುಟುಕು ಗುಟುಕು. ಬೆವರಾಗಿ ಹೋಗುವಷ್ಟನ್ನೇ ಕುಡಿಯುತ್ತಿದ್ದರೆ ಎರಡು ಗಂಟೆಗೊಮ್ಮೆ ಹೋದರೆ ಸಾಕಾಗುತ್ತದೆ.

ನೀರೋ, ಪುಡಿಯೋ, ಕಬ್ಬಿನ ಹಾಲೋ

ಎರಡು ಮೂರು ಗಂಟೆಯ ಸವಾರಿಗೆ ಬರೀ ನೀರು, ನಡುವೆ ಉಪ್ಪಿರುವ ತಿಂಡಿ, ಇಷ್ಟೇ ಸಾಕು. ಅವಲಕ್ಕಿ, ಉಪ್ಪಿಟ್ಟು ಏನಾದರೂ ನಡೆಯುತ್ತದೆ. ದಿನವಿಡೀ ಬಿಸಿಲಲ್ಲಿ ಬೆವರಿದರೆ ಹೋದ ಉಪ್ಪು ವಾಪಸ್ ಬರಬೇಕು.

ಅದಕ್ಕೆ ನನ್ನ ಮೊದಲ ಆಯ್ಕೆ ಔಷಧಿ ಅಂಗಡಿಯ ಓಆರ್‌ಎಸ್ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಆ ಸ್ವಲ್ಪ ಗ್ಲೂಕೋಸ್ ರುಚಿಗಲ್ಲ. ಕರುಳಿನಲ್ಲಿ ಗ್ಲೂಕೋಸ್ ಉಪ್ಪನ್ನು ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾಕ್ಟರ್ ದಿಲೀಪ್ ಮಹಲನಾಬಿಸ್ ಇಂಥದೇ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಕೆಲವೇ ರೂಪಾಯಿಯ ಆ ಪುಡಿಯನ್ನು ನಾನು ಬಹಳ ಗೌರವದಿಂದ ಕಟ್ಟಿಕೊಳ್ಳುತ್ತೇನೆ.

ಕೊಳ್ಳುವಾಗ ಎರಡು ವಿಷಯ ನೋಡಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡದನ್ನು ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಅತಿಯಾಗುತ್ತದೆ. ಇನ್ನೊಂದು, ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು. ಅಸಲಿ ಅಳತೆ ಪಾಲಿಸದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಅಂತ ಇದೆಯಾ ನೋಡಿಕೊಳ್ಳಿ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಹಾ ಚಮಚದ ಲೆಕ್ಕ, ಗೋಪುರ ಮಾಡಬೇಡಿ. ಬೀಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯವರು ಮೊದಲೇ ಡಾಕ್ಟರನ್ನು ಕೇಳಿರಬೇಕು.

ಮಜ್ಜಿಗೆ ನನ್ನ ಎರಡನೆಯ ಆಯ್ಕೆ. ನೀರೂ ಇದೆ, ಉಪ್ಪೂ ಇದೆ, ಹೊಟ್ಟೆಗೂ ಹಿತ. ಮಹಾರಾಷ್ಟ್ರದಲ್ಲಿ ‘ತಾಕ್’ ಅಂದರೆ ಸಾದಾ, ‘ಮಠ್ಠಾ’ ಅಂದರೆ ಶುಂಠಿ, ಕೊತ್ತಂಬರಿ ಹಾಕಿದ್ದು. ಎಳನೀರು ಚೆನ್ನಾಗೇನೋ ಇರುತ್ತದೆ, ಕಾಯಿ ಒಡೆಯುವವರೆಗೆ ಯಾರೂ ಕೈ ಹಾಕಿರುವುದಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆ. ಜೊತೆಗೆ ಉಪ್ಪುಕಡಲೆ ತಿನ್ನಿ.

ಕಬ್ಬಿನ ಹಾಲಿನ ಬಗ್ಗೆ ಹೇಳಲು ಕಷ್ಟವಾಗುತ್ತದೆ, ಅಷ್ಟು ಇಷ್ಟ ನನಗೆ. ಕರಾಡಿನಿಂದ ಕೊಲ್ಹಾಪುರದವರೆಗೆ ಕಬ್ಬಿನ ನಾಡು. ರಸವಂತಿ ಅಂಗಡಿಯ ಗಾಣಕ್ಕೆ ಕಟ್ಟಿದ ಗೆಜ್ಜೆಯ ಸದ್ದು ದೂರದಿಂದಲೇ ಕರೆಯುತ್ತದೆ. ಆದರೆ ಅದರಲ್ಲಿ 100 ಮಿಲಿಗೆ 10 ಗ್ರಾಂಗಿಂತ ಹೆಚ್ಚೇ ಸಕ್ಕರೆ. ಓಆರ್‌ಎಸ್‌ನಲ್ಲಿ ಇಡೀ ಲೀಟರಿಗೆ ಇರುವ ಗ್ಲೂಕೋಸನ್ನು ಒಂದು ಲೋಟ ಕಬ್ಬಿನ ಹಾಲು ಸುಲಭವಾಗಿ ಮೀರುತ್ತದೆ. ಬಾಯಾರಿಕೆಗೆ ಅಂತ ಕುಡಿಯಬೇಡಿ, ಖುಷಿಗೆ ಅಂತ ಒಂದು ಲೋಟ ಕುಡಿಯಿರಿ. ‘ಬರ್ಫ್ ನಕೋ’ ಅನ್ನಲು ಮರೆಯಬೇಡಿ. ರಸ್ತೆ ಬದಿ ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಆ ಮಂಜುಗಡ್ಡೆಯೇ. ಚಹಾ ಒಂದೆರಡು ಕಪ್ ಪರವಾಗಿಲ್ಲ. ಬಿಯರ್ ಅಂತೂ ಊರು ಮುಟ್ಟುವವರೆಗೆ ಬೇಡವೇ ಬೇಡ, ಗೋವಾಕ್ಕೇ ಹೋಗುತ್ತಿದ್ದರೂ.

ಘಟ್ಟ ಇಳಿದರೆ ಲೆಕ್ಕ ಬೇರೆ

ಗೋವಾಕ್ಕೆ ಹೋಗುವವರು ನಿಪ್ಪಾಣಿ ಕಡೆಯಿಂದ ಆಂಬೋಲಿ ಘಾಟಿನಲ್ಲೋ, ಬೆಳಗಾವಿಯಿಂದ ಚೋರ್ಲಾ ಘಾಟಿನಲ್ಲೋ ಇಳಿಯುತ್ತಾರೆ. ಮೇಲೆ ಒಣ ಬಿಸಿಲು, ತುಟಿ ಒಡೆಯುತ್ತದೆ. ಕೆಳಗೆ ಬಿಸಿ ಎರಡು ಮೂರು ಡಿಗ್ರಿ ಕಡಿಮೆ ಇದ್ದರೂ ಗಾಳಿಯಲ್ಲಿ ಪಸೆ. ಬೆವರು ಆರುವುದೇ ಇಲ್ಲ, ಧಾರೆಯಾಗಿ ಇಳಿಯುತ್ತದೆ. ಮೇಲೆ ಬರೀ ನೀರಿನಲ್ಲಿ ನಡೆಯುತ್ತಿದ್ದವರಿಗೂ ಕೆಳಗೆ ಉಪ್ಪು ಬೇಕಾಗುತ್ತದೆ. ಸಾವಂತವಾಡಿ ಮುಟ್ಟಿದ ಮೇಲೆ ನಾವು ಸ್ಟೀಲ್ ಬಾಟಲಿಯ ಓಆರ್‌ಎಸ್ ತೆಗೆಯುತ್ತೇವೆ. ಕೋಕಂ ಶರಬತ್ತು ಎಲ್ಲೆಲ್ಲೂ ಸಿಗುತ್ತದೆ. ಕರಾವಳಿಯವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು ಇದೇ. ಉಪ್ಪು ಹಾಕಿಸಿ, ಸಕ್ಕರೆ ಕಡಿಮೆ ಮಾಡಿಸಿ ಕುಡಿದರೆ ಒಳ್ಳೆಯದು.

ಎಲ್ಲಿ ಹೋದರೂ ಇದೊಂದನ್ನು ಗಮನಿಸಿ. ಜೊತೆಯವರು ಸುಮ್ನೆ ಸಿಡುಕುತ್ತಿದ್ದಾರೆ, ಉತ್ತರ ಕೊಡುತ್ತಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತಿದೆ ಅಂದರೆ ನೆರಳಿಗೆ ನಿಲ್ಲಿಸಿ. ಜಾಕೆಟ್ ತೆಗೆದು ಕತ್ತು, ಕಂಕುಳಿಗೆ ನೀರು ಹಾಕಿ, ಕುಡಿಸಿ. ಮಾತು ತೊದಲಿದರೆ, ಎಲ್ಲಿದ್ದೇವೆ ಅಂತ ತಿಳಿಯದಿದ್ದರೆ ಅದು ನೀರು ಕುಡಿಸಿ ಸರಿಹೋಗುವ ಹಂತವಲ್ಲ. ಮೈಗೆ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದೇ ನಂಬರು.

ತೊಳೆಯುವ ಕೆಲಸ

ಅಂಗಡಿಯಲ್ಲಿ ಯಾರೂ ಹೇಳದ ಖರ್ಚು ಇದು. ಬಾಟಲಿ ಎರಡು ನಿಮಿಷದಲ್ಲಿ ತೊಳೆದಾಯಿತು. ಬ್ಲಾಡರ್ ಮತ್ತು ಪೈಪು ಹಾಗಲ್ಲ. ಒಳಗೆ ಪಸೆ ಉಳಿದರೆ ವಾರದಲ್ಲಿ ಪೈಪಿನಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಸಿಹಿ ಹಾಕಿದ್ದರೆ ಇನ್ನೂ ಬೇಗ. ಅದಕ್ಕೇ ಚೀಲದಲ್ಲಿ ಬರೀ ನೀರು, ಓಆರ್‌ಎಸ್‌ಗೆ ಬೇರೆ ಬಾಟಲಿ. ಕಲಸಿದ ಓಆರ್‌ಎಸ್ ಅನ್ನು 24 ಗಂಟೆಯ ಮೇಲೆ ಇಟ್ಟುಕೊಳ್ಳಲೂ ಬಾರದು.

ಊರು ಮುಟ್ಟಿದ ದಿನವೇ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಚೀಲದಲ್ಲಿ ತುಂಬಿ, ಪೈಪಿನಲ್ಲೂ ಹರಿಸಿ, ಅರ್ಧ ಗಂಟೆ ಬಿಡಬೇಕು. ಆಮೇಲೆ ತೊಳೆದು, ಒಳಗೆ ಒಂದು ಮರದ ಸೌಟು ಅಡ್ಡ ಇಟ್ಟು, ಬಾಯಿ ತೆರೆದು ತೂಗುಹಾಕಬೇಕು. ತವರಿನ ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಎರಡು ನೀಲಿ ಚೀಲ ನೇತಾಡುವುದನ್ನು ನೋಡಿ ಅವ್ವ ಮೊದಲ ಸಲ ‘ಇದೇನ ಸಲೈನ್ ಹಚ್ಚಿದ್ರೇನು ನಿಮಗ?’ ಅಂತ ಗಾಬರಿಯಾಗಿದ್ದಳು. ಈಗ ನಾವು ಬಂದ ಕೂಡಲೇ ತಾನೇ ಅವನ್ನು ಇಸಿದುಕೊಂಡು ಸೋಡಾ ಡಬ್ಬಿ ತೆಗೆಯುತ್ತಾಳೆ. ತೊಳೆಯುವ ಮೊದಲು ನನ್ನ ಚೀಲ ಎತ್ತಿ, ಎಷ್ಟು ಉಳಿದಿದೆ ಅಂತ ನೋಡುತ್ತಾಳೆ.